ಅಹ್ಮದ್ ಬ್ಯಾರಿಗೆ ಒಂದು ಕಾರಣವಿತ್ತು

ಕಳೆದ ಒಂದು ವರ್ಷದಲ್ಲಿ ನಾಲ್ಕು ಕಾದಂಬರಿಗಳ ಹಸ್ತಪ್ರತಿಗಳು ನನ್ನ ಕೈಗೆ ಬಂದವು. ಎರಡು ಮುಂಬೈಯವು, ಒಂದು ಪುಣೆಯದು, ಇನ್ನೊಂದು ಹೈದರಾಬಾದಿನದು. ನಾಲ್ಕನ್ನೂ ಬರೆದವರು ಮೂವತ್ತು ದಾಟದ ನಮ್ಮ ಹುಡುಗ ಹುಡುಗಿಯರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಮನೆಗಳಲ್ಲಿ ‘ನಾನೂ ಬರೀತೀನಿ’ ಅನ್ನುವ ದನಿ ಹೆಚ್ಚಾಗಿದೆ. ಕರ್ನಾಟಕದ ಹೊರಗೆ ಕೂತು, ಮರಾಠಿ ಹಿಂದಿ ತೆಲುಗಿನ ನಡುವೆ, ಕನ್ನಡದಲ್ಲಿ ಕಾದಂಬರಿ ಬರೆಯುವುದು ಸಣ್ಣ ಮಾತಲ್ಲ. ಅದಕ್ಕೇ ನಾಲ್ಕನ್ನೂ ಕೊನೆಯ ಪುಟದವರೆಗೆ ಓದಿದೆ. ಓದಿದ ಮೇಲೆ ನಾಲ್ಕರ ಬಗ್ಗೆಯೂ ಒಂದೇ ತಕರಾರು ಉಳಿಯಿತು. ಅದನ್ನು ಎಲ್ಲರ ಮುಂದೆ ಇಡುವುದೇ ಸರಿ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಒಂದು ಹಸ್ತಪ್ರತಿಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಬರೆದ ಹುಡುಗ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಅಂದಿದ್ದಾನೆ. ಕಥೆ ಹೀಗಿದೆ: ವಿಜಯಪುರದ ಕಡೆಯ ಸಲೀಮ್ ಮುಂಬೈಯ ಒಂದು ಬೇಕರಿಯಲ್ಲಿ ಲೆಕ್ಕ ಬರೆಯುವವನು. ಊರಿನಲ್ಲಿ ಅಬ್ಬಾಗೆ ಗಂಟಲಿನ ಕ್ಯಾನ್ಸರ್. ಪರೇಲಿನ ಟಾಟಾ ಆಸ್ಪತ್ರೆಗೆ ಕರೆದುಕೊಂಡು ಬರಬೇಕು, ಹತ್ತಿರದಲ್ಲೇ ಒಂದು ಖೋಲಿ ಬೇಕು. ಸಲೀಮ್ ಏಳು ಕಡೆ ಕೇಳುತ್ತಾನೆ. ಏಳೂ ಕಡೆ ಹೆಸರು ಕೇಳಿದ ಮೇಲೆ ‘ಖಾಲಿ ಇಲ್ಲ’ ಅನ್ನುತ್ತಾರೆ. ಕೊನೆಗೆ ಒಂದು ಸಭೆಯಲ್ಲಿ ಎದ್ದು ನಿಂತು ಐದು ಪುಟ ಭಾಷಣ ಮಾಡುತ್ತಾನೆ. ಕಾದಂಬರಿ ಮುಗಿಯುತ್ತದೆ.

ಇದರಲ್ಲಿ ಸುಳ್ಳೇನೂ ಇಲ್ಲ. ಇಪ್ಪತ್ತೈದು ವರ್ಷದ ಹಿಂದೆ ಇದೇ ಊರಿನಲ್ಲಿ ‘ನಮಗೇನಿಲ್ಲ ಭಾಯ್, ಸೊಸೈಟಿಯವರು ಒಪ್ಪಲ್ಲ’ ಎಂಬ ಮಾತನ್ನು ನಾನೂ ಕೇಳಿಸಿಕೊಂಡವನೇ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿದೆ. ಸಲೀಮ್ ಮೂರನೇ ಮನೆಗೆ ಹೋಗುವ ಅಧ್ಯಾಯವನ್ನು ತೆಗೆದು ಆರನೆಯದರ ಜಾಗದಲ್ಲಿ ಇಟ್ಟೆ. ಏನೂ ಕೆಡಲಿಲ್ಲ. ಮೂವತ್ತನೇ ಪುಟದ ಸಲೀಮನೂ ನೂರಾ ಎಪ್ಪತ್ತನೇ ಪುಟದ ಸಲೀಮನೂ ಒಬ್ಬನೇ. ಅಧ್ಯಾಯಗಳ ಜಾಗ ಅದಲು ಬದಲು ಮಾಡಿದರೂ ಏನೂ ಕೆಡುವುದಿಲ್ಲವಾದರೆ ಅಲ್ಲಿ ಘಟನೆಗಳಿವೆ, ಕಥಾಹಂದರ ಇನ್ನೂ ಹುಟ್ಟಿಲ್ಲ ಎಂದು ಅರ್ಥ. ನಿಮ್ಮ ಹಸ್ತಪ್ರತಿಗೂ ಈ ಪರೀಕ್ಷೆ ಮಾಡಿ ನೋಡಿ. ಐದು ನಿಮಿಷದ ಕೆಲಸ.

ಹಾಗಾದರೆ ಕಥಾಹಂದರ ಎಲ್ಲಿಂದ ಹುಟ್ಟುತ್ತದೆ? ನನ್ನ ಉತ್ತರ ಇಷ್ಟೇ: ಪಾತ್ರಗಳಿಗೆ ಇರುವ ಕಾರಣಗಳಿಂದ. ಒಬ್ಬನ ಕಾರಣ ಇನ್ನೊಬ್ಬನ ಕಾರಣಕ್ಕೆ ಅಡ್ಡ ಬಂದಾಗ, ಇಬ್ಬರಲ್ಲಿ ಒಬ್ಬ ಏನಾದರೂ ಮಾಡಲೇಬೇಕಾಗುತ್ತದೆ. ಮಾಡಿದ ಮೇಲೆ ಅವನು ಮೊದಲಿನ ಹಾಗೆ ಇರಲಾರ. ನಮ್ಮವರೇ ಇರುವ ಎರಡು ಉದಾಹರಣೆಗಳನ್ನು ನೋಡೋಣ.

ಗಾಡಿ ಹೂಡಿದವನು

ಅನಂತಮೂರ್ತಿಯವರ ‘ಸಂಸ್ಕಾರ’ (1965) ನಿಮ್ಮಲ್ಲಿ ಅನೇಕರಿಗೆ ಪಠ್ಯವಾಗಿತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಸುಡುವ ತನಕ ಯಾರೂ ಊಟ ಮಾಡುವ ಹಾಗಿಲ್ಲ. ಒಂದು ಹೆಣ, ಒಂದು ಹಸಿವು, ಬೇಸಿಗೆಯ ಸೆಕೆ. ಯಾರೂ ಸುಮ್ಮನೆ ಕೂರಲು ಆಗದಂಥ ಸಂಕಟವನ್ನು ಲೇಖಕ ಮೊದಲಿಗೇ ತಂದಿಟ್ಟಿದ್ದಾರೆ. ಪ್ರಾಣೇಶಾಚಾರ್ಯರು ಗ್ರಂಥ ಹುಡುಕುತ್ತಾರೆ, ದೇವರ ಮುಂದೆ ಕೂರುತ್ತಾರೆ, ಉತ್ತರ ಸಿಗುವುದಿಲ್ಲ.

ಹೆಣವನ್ನು ಕೊನೆಗೆ ಸುಟ್ಟವರು ಯಾರು, ನೆನಪಿದೆಯಾ? ಚಂದ್ರಿ ರಾತ್ರಿಯಲ್ಲಿ ಮೊದಲು ಗಾಡಿಯ ಶೇಷಪ್ಪನ ಹತ್ತಿರ ಹೋಗುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರುತ್ತಾನೆ. ಆಮೇಲೆ ಅವಳು ಹೋಗುವುದು ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯ ಹತ್ತಿರ. ಅವನು ಗಾಡಿ ಹೂಡಿಕೊಂಡು ಬಂದು, ಹೆಣ ಹೇರಿ, ಸೌದೆ ಹೇರಿ, ಯಾರಿಗೂ ತಿಳಿಯದ ಹಾಗೆ ಸುಟ್ಟು ಹೋಗುತ್ತಾನೆ. ಇಡೀ ಅಗ್ರಹಾರ ಕೂಡಿ ಮಾಡಲಾಗದ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತದೆ.

ಅವನು ಯಾಕೆ ಬಂದ? ನಮ್ಮ ಹುಡುಗರು ಬರೆದಿದ್ದರೆ ‘ಮಾನವೀಯತೆಯೇ ದೊಡ್ಡದು’ ಎಂದು ಅವನ ಬಾಯಲ್ಲಿ ಒಂದು ಪುಟ ಹೇಳಿಸುತ್ತಿದ್ದರೋ ಏನೋ. ಅನಂತಮೂರ್ತಿಯವರು ಹಾಗೆ ಮಾಡಲಿಲ್ಲ. ಹಿಂದೊಮ್ಮೆ ಅವನು ದಿವಾಳಿ ಎದ್ದಾಗ ಎತ್ತು ಕೊಳ್ಳಲು ಸಾಲ ಕೊಟ್ಟವನು ಇದೇ ನಾರಣಪ್ಪ. ಅಷ್ಟೇ. ಆ ಒಂದು ಕಾರಣದಿಂದ ಅಹ್ಮದ್ ಬ್ಯಾರಿ ಮನುಷ್ಯನಾದ. ಎತ್ತುಗಳ ಋಣವನ್ನು ಅವನು ಗಾಡಿಯಿಂದಲೇ ತೀರಿಸುತ್ತಾನೆ. ಜತೆಗೆ ನಾರಣಪ್ಪನ ಬಗ್ಗೆಯೂ ನಮಗೆ ಹೊಸದೊಂದು ತಿಳಿಯಿತು: ಅಗ್ರಹಾರ ಬೈಯುತ್ತಿದ್ದವನು ಬಡ ಬ್ಯಾರಿಯೊಬ್ಬನ ಕಷ್ಟಕ್ಕೆ ಆಗಿದ್ದ.

ಇದರಿಂದ ಕಥೆಗೆ ಆದದ್ದೇನು ನೋಡಿ. ಹೆಣ ಸುಟ್ಟಾಯಿತೆಂದು ಓದುಗನಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ತಮ್ಮ ಹೆಂಡತಿಯ ಸಂಸ್ಕಾರ ಮುಗಿಸಿ ಊರು ಬಿಟ್ಟು ಅಲೆಯುವಾಗಲೂ ನಾರಣಪ್ಪನ ಹೆಣದ ಭಾರ ಅವರ ತಲೆಯ ಮೇಲೆ ಇದ್ದೇ ಇದೆ. ಕಾದಂಬರಿಯ ಮುಂದಿನ ಭಾಗದ ಅಷ್ಟೂ ಸಂಕಟವನ್ನು ಓದುಗ ಬೇರೆಯೇ ಕಣ್ಣಿನಿಂದ ನೋಡುವಂತೆ ಮಾಡಿದ್ದು ಒಬ್ಬ ಮೀನು ವ್ಯಾಪಾರಿಯ ಋಣ. ಕೆಲವೇ ಸಾಲುಗಳಲ್ಲಿ ಬಂದು ಹೋಗುವವನ ಕಾರಣಕ್ಕೆ ಇಷ್ಟು ಬಲವಿದೆ.

ಆದರೆ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹೆಣ ಸುಟ್ಟ ಮೇಲೆ ಅಹ್ಮದ್ ಬ್ಯಾರಿ ಕಾದಂಬರಿಯಿಂದಲೇ ಹೊರಟುಹೋಗುತ್ತಾನೆ. ಮನೆಗೆ ಹೋಗಿ ಅವನು ಏನು ಮಾಡಿದ? ಹೆಂಡತಿಗೆ ಹೇಳಿದನೋ? ಸುಬಹ್ ನಮಾಝಿಗೆ ಹೋದವನು ಯಾರಿಗಾದರೂ ಬಾಯಿ ಬಿಟ್ಟನೋ? ಆ ಕಾದಂಬರಿಗೆ ಅದು ಬೇಕಿರಲಿಲ್ಲ. ಬೇಕಾಗಿರುವುದು ನಮಗೆ. ಕನ್ನಡ ಕಾದಂಬರಿಯಲ್ಲಿ ನಾವು ಬಹಳ ಕಾಲ ಹೀಗೇ ಬಂದು ಹೋದವರು: ಗಾಡಿಯವ, ಮೀನಿನವ, ಬಳೆ ಮಾರುವವ. ಆ ಗಾಡಿಯ ಹಿಂದೆ ಮನೆಯ ತನಕ ಹೋಗುವ ಕೆಲಸ ನಮ್ಮ ಬರಹಗಾರರಿಗೆ ಉಳಿದಿತ್ತು.

ಮಹಮ್ಮದ್ ಖಾನನ ಲೆಕ್ಕ

ಆ ಕೆಲಸ ಮಾಡಿದವರಲ್ಲಿ ಸಾರಾ ಅಬೂಬಕ್ಕರ್ ಮುಖ್ಯರು. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ನಮ್ಮ ಮನೆಗಳ ಒಳಗೆ ಹೊಕ್ಕು ನೋಡಿತು. ನಾದಿರಾಳ ಕಥೆಯನ್ನು ನೀವು ಬಲ್ಲಿರಿ. ಗಂಡ ರಶೀದನೊಂದಿಗೆ ಸುಖವಾಗಿದ್ದವಳನ್ನು ತಂದೆಯೇ ತವರಿನಲ್ಲಿ ಉಳಿಸಿಕೊಳ್ಳುತ್ತಾನೆ. ಹಟ ತಲಾಖಿನ ತನಕ ಹೋಗುತ್ತದೆ. ಮತ್ತೆ ಒಂದಾಗಬೇಕೆಂದರೆ ಅವಳು ಮೊದಲು ಬೇರೆಯವನನ್ನು ಮದುವೆಯಾಗಿ ಅವನಿಂದ ತಲಾಖ್ ಪಡೆಯಬೇಕು ಎಂಬ ಮಾತು ಬರುತ್ತದೆ. ನಾದಿರಾ ನೀರಿಗೆ ಬೀಳುತ್ತಾಳೆ.

ವಿದ್ಯಾರ್ಥಿಗಳ ಜತೆ ಈ ಕಾದಂಬರಿ ಮಾತಾಡುವಾಗ ಎಲ್ಲರೂ ನಾದಿರಾಳ ಬಗ್ಗೆ ಹೇಳುತ್ತಾರೆ. ನಾನು ತಂದೆ ಮಹಮ್ಮದ್ ಖಾನನ ಬಗ್ಗೆ ಕೇಳುತ್ತೇನೆ. ಅವನು ಯಾಕೆ ಹೀಗೆ ಮಾಡಿದ? ‘ಕೆಟ್ಟವನು ಸರ್’ ಅನ್ನುತ್ತಾರೆ. ಕೆಟ್ಟತನ ಒಂದು ಗುಣ. ಕಾರಣ ಬೇರೆ. ಅವನಿಗೆ ಎರಡನೇ ಮಗಳ ಮದುವೆ ಮಾಡಬೇಕಿದೆ, ಕೈಯಲ್ಲಿ ಹಣವಿಲ್ಲ. ಅಳಿಯನಿಂದ ಸಿಗಬಹುದೆಂದು ನೆಚ್ಚಿದ್ದು ಸಿಗಲಿಲ್ಲ. ಒಬ್ಬ ಮಗಳನ್ನು ದಡ ಸೇರಿಸುವ ಲೆಕ್ಕದಲ್ಲಿ ಇನ್ನೊಬ್ಬಳ ಬದುಕನ್ನು ಒತ್ತೆ ಇಡುತ್ತಾನೆ. ಬಡ ತಂದೆಯ ಮರ್ಯಾದೆ, ಗಂಡಸಿನ ಹಟ ಎರಡೂ ಸೇರಿ ಮಾಡಿದ ಲೆಕ್ಕ ಅದು. ನಮ್ಮ ಮೊಹಲ್ಲಾಗಳಲ್ಲಿ ಈ ಲೆಕ್ಕ ಹಾಕುವ ತಂದೆಯರನ್ನು ನೀವು ನೋಡಿಲ್ಲವೇ? ಅವರಲ್ಲಿ ಕೆಲವರು ಮಕ್ಕಳನ್ನು ಬಹಳ ಪ್ರೀತಿಸುವವರೂ ಹೌದು.

ಈ ಕಾರಣ ಇಲ್ಲದೆ ಹೋಗಿದ್ದರೆ ‘ಚಂದ್ರಗಿರಿ’ ತಲಾಖಿನ ವಿರುದ್ಧದ ಒಂದು ಲೇಖನವಾಗುತ್ತಿತ್ತು. ಕಾರಣ ಇರುವುದರಿಂದ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದಲೇ ಬರುತ್ತದೆ. ಹಣ ಸಿಗದ್ದರಿಂದ ಸಿಟ್ಟು, ಸಿಟ್ಟಿನಿಂದ ಮಗಳನ್ನು ಕಳಿಸದಿರುವುದು, ಅದರಿಂದ ತಲಾಖ್. ತಲಾಖ್ ಆದ ಮೇಲೆ, ಬೇಕೆಂದರೂ ಹಿಂದಕ್ಕೆ ಬರಲಾಗದ ದಾರಿ. ಇಲ್ಲಿ ಒಂದೇ ಒಂದು ಅಧ್ಯಾಯವನ್ನೂ ಅದಲು ಬದಲು ಮಾಡಲಾಗದು.

ಕಾದಂಬರಿಯಲ್ಲಿ ಕೊರತೆ ಇಲ್ಲವೆಂದಲ್ಲ. ರಶೀದ್ ಒಳ್ಳೆಯವನು, ಆದರೆ ಅವನ ಒಳಗೆ ಏನು ನಡೆಯುತ್ತಿದೆ ಎಂದು ತಂದೆಯದು ಕಾಣುವಷ್ಟು ನನಗೆ ಕಾಣಲಿಲ್ಲ. ಒಳ್ಳೆಯವರನ್ನು ಬರೆಯುವುದು ಯಾವಾಗಲೂ ಕಷ್ಟ. ನಮ್ಮ ಹೊಸಬರ ತೊಂದರೆಯೂ ಅಲ್ಲೇ ಇದೆ: ನಾಯಕನನ್ನು ಒಳ್ಳೆಯವನನ್ನಾಗಿ ಮಾಡಿದ ಕೂಡಲೇ ಅವನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಅವನಿಗೆ ಅನ್ಯಾಯ ಆಗುತ್ತಾ ಹೋಗುತ್ತದೆ, ಅವನು ಸಹಿಸುತ್ತಾ ಹೋಗುತ್ತಾನೆ.

ಸಲೀಮ್ ಏನು ಮಾಡಿದ?

ಮತ್ತೆ ನಮ್ಮ ಹುಡುಗನ ಹಸ್ತಪ್ರತಿಗೆ ಬರೋಣ. ಒಂದು ಭಾನುವಾರ ಅವನನ್ನು ಕೂರಿಸಿಕೊಂಡು ಕೇಳಿದೆ: ‘ಏಳು ಕಡೆ ಇಲ್ಲ ಅಂದ ಮೇಲೆ ನಿನ್ನ ಸಲೀಮ್ ಏನು ಮಾಡ್ತಾನಪ್ಪಾ? ಅಬ್ಬಾನ ಆಪರೇಷನ್ ತಾರೀಖು ಹತ್ತಿರ ಬಂತು.’

‘ಬೇಜಾರು ಮಾಡ್ಕೋತಾನೆ ಸರ್.’

‘ಬೇಜಾರು ಮಾಡ್ಕೊಂಡ್ರೆ ಖೋಲಿ ಸಿಗ್ತದಾ?’

ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: ‘ಬೇಕರಿಯ ಸುರೇಶನ ಹೆಸರಲ್ಲಿ ತಗೋಬಹುದು.’

ಆ ಒಂದು ಮಾತಿನಿಂದ ಕಾದಂಬರಿ ಶುರುವಾಯಿತು. ನಾವಿಬ್ಬರೂ ಸಂಜೆಯ ತನಕ ಅದರ ಹಿಂದೆ ಹೋದೆವು. ಲಾಲ್‌ಬಾಗಿನ ಒಂದು ಚಾಳಿನಲ್ಲಿ ಸುರೇಶನ ಆಧಾರ್ ಕಾರ್ಡ್ ಕೊಟ್ಟು ಖೋಲಿ ಹಿಡಿದದ್ದಾಯಿತು. ಸುರೇಶ ಯಾಕೆ ಒಪ್ಪಿದ? ‘ಗೆಳೆಯ, ಒಳ್ಳೆಯವನು’ ಅಂದರೆ ಸಾಲದು. ಬೇಕರಿಯ ಲೆಕ್ಕದಲ್ಲಿ ಸುರೇಶ ಒಮ್ಮೆ ನಾಲ್ಕು ಸಾವಿರ ಎತ್ತಿದ್ದನ್ನು ಸಲೀಮ್ ಪುಸ್ತಕದಲ್ಲಿ ಮುಚ್ಚಿದ್ದ. ನೋಡಿ, ಅಹ್ಮದ್ ಬ್ಯಾರಿಯ ಎತ್ತುಗಳು ಇಲ್ಲೂ ಬಂದವು. ಈಗ ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕಿಬಿದ್ದಿದ್ದಾರೆ.

ಖೋಲಿಯ ಒಡತಿ ಯಾರು? ಮೊದಲ ಹಸ್ತಪ್ರತಿಯಲ್ಲಿ ಮನೆ ಮಾಲೀಕರೆಲ್ಲ ಬಾಗಿಲ ಸಂದಿಯಲ್ಲಿ ಕಂಡ ಮುಖಗಳು. ಈಗ ಅವಳು ಒಬ್ಬ ವಿಧವೆ, ಚಾಳಿನವರ ಒಳ್ಳೆಯತನದ ಮೇಲೆ ಬದುಕಿರುವವಳು. ಮಗ ಖೋಲಿ ಮಾರಲು ಕಾಯುತ್ತಿದ್ದಾನೆ. ಅಕ್ಕಪಕ್ಕದವರು ತಕರಾರು ತೆಗೆದರೆ ಅವನಿಗೆ ನೆಪ ಸಿಕ್ಕಿತು. ಅವಳಿಗೆ ಸಲೀಮನ ಮೇಲೆ ದ್ವೇಷವೇ ಬೇಕಿಲ್ಲ, ಅವಳ ಹೆದರಿಕೆಯೇ ಸಾಕು.

ಇನ್ನು ಅಬ್ಬಾ. ಗಡ್ಡ ಬಿಟ್ಟ, ಟೋಪಿ ತೆಗೆಯದ, ಐದು ಹೊತ್ತಿನ ನಮಾಝಿ. ಅವರು ಬಂದು ಇರಬೇಕಾದದ್ದು ‘ಸುರೇಶನ ಖೋಲಿ’ಯಲ್ಲಿ. ಮಗ ಅಬ್ಬಾಗೆ ಏನು ಹೇಳುತ್ತಾನೆ? ಟೋಪಿ ತೆಗೆಯಿರಿ ಅನ್ನುತ್ತಾನೋ? ಹೊರಗೆ ಕಾಲಿಡಬೇಡಿ ಅನ್ನುತ್ತಾನೋ? ಅಬ್ಬಾಗೆ ಆಪರೇಷನ್ ಆಗಿ ದನಿ ಹೋಗಿದೆ. ಮಗನಿಗೆ ಬೈಯಬೇಕೆಂದರೂ ಬಾಯಿಲ್ಲ. ಫಜ್ರ್‌ಗೆ ಎದ್ದು ಜಾನಮಾಝ್ ಹಾಸುವ ಅಬ್ಬಾ, ಕಿಟಕಿ ಮುಚ್ಚಲು ಓಡುವ ಮಗ. ನಾನು ಏನೂ ಹೇಳಿಕೊಡದೆ ಹುಡುಗ ಈ ದೃಶ್ಯವನ್ನು ಬಾಯಲ್ಲೇ ಹೇಳಿ ಮುಗಿಸಿದ. ಐದು ಪುಟದ ಭಾಷಣದಲ್ಲಿ ಇಲ್ಲದ ಅನ್ಯಾಯ ಆ ಕಿಟಕಿ ಮುಚ್ಚುವ ಕೈಯಲ್ಲಿ ಇತ್ತು.

ಮುಂಬೈಯ ಕನ್ನಡಿಗರಿಗೆ ಇದು ಹೊಸ ದಾರಿಯೇನೂ ಅಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದೇ ಊರಿನದು. ಕಂಪೆನಿ ಕೆಲಸದಿಂದ ಅಮಾನತುಗೊಂಡ ನಾಗಪ್ಪ ಇದರ ಹಿಂದೆ ಯಾರಿದ್ದಾರೆ ಎಂದು ಹುಡುಕುತ್ತಾನೆ. ಹುಡುಕುವ ಅವನ ಭಯ, ಗುಮಾನಿ, ಹಳೆಯ ಗಾಯಗಳು ಸೇರಿಯೇ ಕಥೆ ಮುಂದೆ ಹೋಗುತ್ತದೆ. ಹೊರಗಿನಿಂದ ಬಿದ್ದ ಪೆಟ್ಟು ಒಂದೇ. ಉಳಿದದ್ದೆಲ್ಲ ಆ ಪೆಟ್ಟಿಗೆ ಅವನು ಏನು ಮಾಡಿದ ಎಂಬುದು.

ಪಾತ್ರಗಳು ಹೆಚ್ಚಾದರೆ ಏನು ಮಾಡುವುದು ಎಂದು ಹೈದರಾಬಾದಿನ ಹುಡುಗಿ ಕೇಳಿದ್ದಳು. ಬೊಳುವಾರು ಮಹಮ್ಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ ನೋಡು ಅಂದೆ. ಸಾವಿರಕ್ಕೂ ಹೆಚ್ಚು ಪುಟಗಳ, 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ದೇಶ ವಿಭಜನೆಯ ಗಲಭೆಯಿಂದ ಪಾರಾಗಿ ಬಂದ ಚಾಂದ್ ಅಲಿಯನ್ನು ಮುತ್ತುಪ್ಪಾಡಿ ಎಂಬ ಊರು ತನ್ನವನನ್ನಾಗಿ ಮಾಡಿಕೊಳ್ಳುತ್ತದೆ. ಮುತ್ತುಪ್ಪಾಡಿ ನಕ್ಷೆಯಲ್ಲಿಲ್ಲ, ಅದನ್ನು ಬೊಳುವಾರರು ಕಥೆಯಿಂದ ಕಥೆಗೆ ಕಟ್ಟಿಕೊಂಡು ಬಂದವರು. ಯಾರ ಮನೆ ಎಲ್ಲಿ, ಯಾರಿಗೆ ಯಾರು ಏನಾಗಬೇಕು ಎಂದು ಲೇಖಕರಿಗೆ ಗೊತ್ತಿದ್ದರೆ ಎಷ್ಟು ಜನ ಬಂದರೂ ಗಡಿಬಿಡಿಯಾಗುವುದಿಲ್ಲ.

‘ನಮ್ಮವನೇ ಸುಳ್ಳುಗಾರ ಆದ್ರೆ?’

ಆ ಸಂಜೆ ಹೊರಡುವಾಗ ಹುಡುಗ ಬಾಗಿಲಲ್ಲಿ ನಿಂತ. ‘ಸರ್, ಹೀಗೆ ಬರೆದ್ರೆ ನಮ್ಮವನೇ ಸುಳ್ಳುಗಾರ ಆಗ್ತಾನಲ್ಲ? ಮೊದಲೇ ಜನ ನಮ್ಮನ್ನ ನಂಬಲ್ಲ. ಇದನ್ನ ಓದಿ, ನೋಡಿ ಇವರು ಇಂಥವರೇ ಅನ್ನಲ್ವಾ?’

ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವ ವಿಮರ್ಶಕರಿದ್ದಾರೆ. ನನ್ನಿಂದ ಆಗುವುದಿಲ್ಲ. ಹುಡುಗನ ಹೆದರಿಕೆಗೆ ಆಧಾರವಿದೆ. ಬೇರೆಯವರ ಕಾದಂಬರಿಯಲ್ಲಿ ಒಬ್ಬ ಸುಳ್ಳು ಹೇಳಿದರೆ ಅವನೊಬ್ಬ ಸುಳ್ಳುಗಾರ. ನಮ್ಮ ಕಾದಂಬರಿಯಲ್ಲಿ ಒಬ್ಬ ಸುಳ್ಳು ಹೇಳಿದರೆ ಇಡೀ ಜಮಾತೇ ಕಟಕಟೆಯಲ್ಲಿ. ಸಾರಾ ಅವರು ತಂದೆಯ ಹಟವನ್ನು ಬರೆದದ್ದಕ್ಕೆ ನಮ್ಮವರಿಂದಲೇ ಕಟುವಾದ ವಿರೋಧ ಎದುರಿಸಿದರು. ವಿರೋಧಿಸಿದವರಲ್ಲಿ ಎಲ್ಲರೂ ಕೆಟ್ಟವರಾಗಿರಲಿಕ್ಕಿಲ್ಲ. ಮನೆಯ ಮಾತು ಬೀದಿಗೆ ಹೋದರೆ ಬೀದಿಯವರು ಏನು ಮಾಡುತ್ತಾರೋ ಎಂಬ ಅಂಜಿಕೆ ಅವರದು.

ಹುಡುಗನಿಗೆ ನನ್ನದೇ ಕಥೆ ಹೇಳಿದೆ. ನಾನೂ ಒಂದು ಕಾದಂಬರಿ ಬರೆದು ಟ್ರಂಕಿನಲ್ಲಿ ಇಟ್ಟವನು. ಅದರ ನಾಯಕ ನನ್ನ ಅಬ್ಬಾನಂಥ ಒಬ್ಬ ಟೇಲರ್. ನೂರಾ ಎಂಬತ್ತು ಪುಟಗಳಲ್ಲಿ ಅವನು ಒಂದೇ ಒಂದು ತಪ್ಪು ಮಾಡುವುದಿಲ್ಲ. ಓದಿದ ಗೆಳೆಯರೊಬ್ಬರು ಹೇಳಿದರು: ‘ನಿಮ್ಮ ಅಬ್ಬಾ ಬಹಳ ದೊಡ್ಡ ಮನುಷ್ಯರು ಇರಬೇಕು. ಆದರೆ ನನಗೆ ಅವರು ಸಿಗಲಿಲ್ಲ.’

ಸಿಗದೇ ಇದ್ದದ್ದು ಯಾಕೆಂದು ನನಗೆ ಗೊತ್ತಿತ್ತು. ಒಂದು ರಂಜಾನಿನಲ್ಲಿ ಅಬ್ಬಾ ಹೊಲಿಯಲು ಆಗುವುದಕ್ಕಿಂತ ಹೆಚ್ಚು ಬಟ್ಟೆ ಹಿಡಿದರು. ಅಕ್ಕನ ಕಾಲೇಜು ಫೀಸು ಕಟ್ಟಬೇಕಿತ್ತು. ಚಾಂದ್ ರಾತ್ ದಿನ ಕಾಂಟ್ರಾಕ್ಟರ್ ಮನೆಯ ಅಷ್ಟೂ ಜೋಡಿ ಮುಗಿದವು. ಹಮಾಲಿ ಮಾಡುವ ಒಬ್ಬರ ಮಗನ ಅಂಗಿಗೆ ಕಾಜಾ ಹಾಕಿ ಗುಂಡಿ ಹಚ್ಚುವುದು ಉಳಿಯಿತು. ಅವರು ಅಂಗಡಿಗೆ ಬಂದಾಗ ಅಬ್ಬಾ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿದ್ದರು. ‘ಅಬ್ಬಾ ಇಲ್ಲ’ ಎಂದು ಹೇಳಿದವನು ಹತ್ತು ವರ್ಷದ ನಾನು. ಮರುದಿನ ಈದ್‌ಗಾದಲ್ಲಿ ಅದೇ ಮನುಷ್ಯ ಬಂದು ಅಬ್ಬಾನನ್ನು ಅಪ್ಪಿಕೊಂಡರು, ಏನೂ ಕೇಳಲಿಲ್ಲ. ಹುಡುಗ ಹಳೆಯ ಅಂಗಿಯಲ್ಲಿ ಪಕ್ಕದಲ್ಲಿದ್ದ. ಅಬ್ಬಾ ಆ ದಿನ ಮನೆಗೆ ಬಂದು ಶೀರ್‌ಖುರ್ಮಾ ಮುಟ್ಟಲಿಲ್ಲ.

ಇದನ್ನು ನಾನು ಕಾದಂಬರಿಯಿಂದ ಬಿಟ್ಟಿದ್ದೆ. ಅಬ್ಬಾನ ಮರ್ಯಾದೆ ಉಳಿಸಬೇಕೆಂದು ಬಿಟ್ಟದ್ದರಿಂದ ಅಬ್ಬಾನೇ ಬಿಟ್ಟುಹೋದರು. ನಮ್ಮಲ್ಲಿ ಅಮಲನ್ನು ನೋಡುವಾಗ ನಿಯ್ಯತ್ತನ್ನೂ ನೋಡಬೇಕು ಎಂದು ಚಿಕ್ಕಂದಿನಿಂದ ಕಲಿಸಿದ್ದಾರೆ. ಪಾತ್ರ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಫೀಸು ಕಟ್ಟುವ ನಿಯ್ಯತ್ತು ಒಳ್ಳೆಯದು, ಹಿಂದಿನ ಬಾಗಿಲಿನಿಂದ ಹೋದ ಅಮಲು ಒಳ್ಳೆಯದಲ್ಲ. ಎರಡನ್ನೂ ಒಟ್ಟಿಗೆ ತೋರಿಸಿದರೆ ಓದುಗ ತಾನೇ ತೂಗಿಕೊಳ್ಳುತ್ತಾನೆ. ಇವರು ಇಂಥವರೇ ಎಂದು ಮೊದಲೇ ತೀರ್ಮಾನಿಸಿದವರು ನಮ್ಮ ಭಾಷಣದಿಂದಲೂ ಬದಲಾಗುವುದಿಲ್ಲ. ತೀರ್ಮಾನಿಸದೆ ಓದುವವರಿಗೆ ತಪ್ಪೇ ಮಾಡದ ಮನುಷ್ಯನನ್ನು ಕೊಟ್ಟರೆ, ಅವರು ಅವನನ್ನು ನಂಬುವುದೂ ಇಲ್ಲ, ಅವನ ನೋವನ್ನು ತಮ್ಮದೆಂದು ತಿಳಿಯುವುದೂ ಇಲ್ಲ.

ಮಾತಾಡುವಾಗ

ಕೊನೆಯದಾಗಿ ಸಂಭಾಷಣೆಯ ಬಗ್ಗೆ ಎರಡು ಮಾತು. ನಾಲ್ಕೂ ಹಸ್ತಪ್ರತಿಗಳಲ್ಲಿ ಬೇಕರಿಯವನೂ ಮೌಲಾನಾನೂ ಹತ್ತು ವರ್ಷದ ಹುಡುಗಿಯೂ ಒಂದೇ ಪುಸ್ತಕದ ಕನ್ನಡ ಆಡುತ್ತಾರೆ. ನಮ್ಮ ತೊಂದರೆ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ದಖನಿ ಅಥವಾ ಬ್ಯಾರಿ, ಬೀದಿಯಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ, ಬರೆಯುವುದು ಕನ್ನಡದಲ್ಲಿ. ನಾಲ್ಕು ಭಾಷೆಯನ್ನೂ ಪುಟಕ್ಕೆ ತುಂಬಬೇಕಿಲ್ಲ. ಯಾರು ಯಾರಿಗೆ ‘ನೀನು’ ಅನ್ನುತ್ತಾರೆ, ಯಾರಿಗೆ ‘ನೀವು’ ಅನ್ನುತ್ತಾರೆ, ಸಿಟ್ಟು ಬಂದಾಗ ಯಾವ ಭಾಷೆಗೆ ಜಾರುತ್ತಾರೆ, ಅಷ್ಟು ಗೊತ್ತಿದ್ದರೆ ಸಾಕು. ಸಲೀಮ್ ಚಾಳಿನಲ್ಲಿ ಮರಾಠಿಯಲ್ಲಿ ‘ಆಜಿ’ ಎಂದು ಕರೆಯುವವನು. ಒಂದು ದಿನ ಗಾಬರಿಯಲ್ಲಿ ಅವನ ಬಾಯಿಂದ ‘ಯಾ ಅಲ್ಲಾಹ್’ ಬಂದುಬಿಟ್ಟರೆ? ಅಲ್ಲಿ ಮಾತೇ ಕಥಾಹಂದರದ ತಿರುವಾಗುತ್ತದೆ.

ಕಳೆದ ತಿಂಗಳು ಹುಡುಗ ಹೊಸದಾಗಿ ಬರೆದ ಆರು ಅಧ್ಯಾಯ ಕಳಿಸಿದ್ದಾನೆ. ಭಾಷಣ ತೆಗೆದಿದ್ದಾನೆ. ಟೋಪಿಯ ದೃಶ್ಯ ಮಾತ್ರ ಇನ್ನೂ ಬರೆದಿಲ್ಲ. ‘ಅಬ್ಬಾನ ಮುಖ ನೋಡಿ ಅದನ್ನ ಹೇಳಿಸೋಕೆ ಆಗ್ತಿಲ್ಲ ಸರ್, ಎರಡು ಸಲ ಬರೆದು ಹರಿದೆ’ ಅಂದ. ಮೂರನೇ ಸಲ ಬರಿ ಅಂದಿದ್ದೇನೆ. ನಾನೂ ಟ್ರಂಕಿನಿಂದ ನನ್ನ ಕಟ್ಟನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ಆ ಈದಿನ ಹಿಂದಿನ ರಾತ್ರಿಯಿಂದ ಶುರು ಮಾಡಬೇಕು.